ಕರಾವಳಿಯ ಆಕಾಶ, ಮಳೆ, ಮೋಡ ಮತ್ತು ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರಿನ ಕಡೆ ಕ್ಯಾಮೆರಾ ಹಿಡಿದು ಅಲೆಯುವವರು ನನ್ನಲ್ಲಿ ಕೇಳುವ ಪ್ರಶ್ನೆಗಳಲ್ಲಿ ಲೆನ್ಸು, ಕಂಪನಿ, ಬೆಲೆ ಇವುಗಳದ್ದೇ ಸಿಂಹಪಾಲು. ಅವನ್ನೆಲ್ಲ ಇಲ್ಲಿ ಬಿಟ್ಟಿದ್ದೇನೆ. ಇಲ್ಲಿರುವುದು ಆಕಾಶದ ಪ್ರಶ್ನೆಗಳು. ನಮ್ಮದು ಎರಡು ಆಕಾಶಗಳ ಸೀಮೆ: ಪಡುವಣಕ್ಕೆ ಕಡಲಿನ ಆಕಾಶ, ಮೂಡಣಕ್ಕೆ ಘಟ್ಟದ ಆಕಾಶ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡಿ ಮನೆಗೆ ಹೋಗುತ್ತಾರೆ. ಈ ದೂರು ಉತ್ತರಗಳ ನಡುವೆ ಅಲ್ಲಲ್ಲಿ ತಲೆಹಾಕುತ್ತದೆ, ಸಹಿಸಿಕೊಳ್ಳಿ.

ಸೂರ್ಯಾಸ್ತ ತೆಗೆಯಲು ಮಲ್ಪೆಗೆ ಎಷ್ಟು ಗಂಟೆಗೆ ಹೋಗಬೇಕು?

ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಿ, ಮುಳುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಉಳಿಯಿರಿ. ಎರಡನೆಯದು ಹೆಚ್ಚು ಮುಖ್ಯ. ಬಿಂಬ ನೀರಿಗಿಳಿದದ್ದೇ ತಡ, ಜನ ಚುರುಮುರಿಯ ಕಾಗದ ಮುದುಡಿ, ಚಪ್ಪಲಿಯ ಮರಳು ಕೊಡವಿ ಎದ್ದುಬಿಡುತ್ತಾರೆ. ನಿಜವಾದ ಬಣ್ಣ ಬರುವುದು ಆಮೇಲೆ. ಹತ್ತು ಕಿಲೋಮೀಟರ್ ಎತ್ತರದಲ್ಲಿರುವ ಎಳೆಮೋಡಕ್ಕೆ, ನಮಗೆ ಸೂರ್ಯ ಮರೆಯಾದ ಹತ್ತು–ಹದಿಮೂರು ನಿಮಿಷದವರೆಗೂ ಬಿಸಿಲು ತಾಗುತ್ತಿರುತ್ತದೆ. ಅಷ್ಟು ಹೊತ್ತಿಗೆ ನೆಲ ಕತ್ತಲಾಗಿ ಮೋಡ ಮಾತ್ರ ಉರಿಯುತ್ತದೆ.

ಸೂರ್ಯಾಸ್ತದ ಹೊತ್ತು ವರ್ಷವಿಡೀ ಒಂದೇ ಅಲ್ಲ. ನವೆಂಬರ್ ಮೂರನೇ ವಾರದಲ್ಲಿ ಸುಮಾರು 6 ಗಂಟೆಗೆ, ಜುಲೈ ಆರಂಭದಲ್ಲಿ 7 ಗಂಟೆಗೆ. ಇನ್ನೊಂದು ಮಾತು. ವಿದೇಶದ ವಿಡಿಯೊಗಳನ್ನು ನೋಡಿ ‘ಗೋಲ್ಡನ್ ಅವರ್’, ಅಂದರೆ ಸೂರ್ಯ ಕೆಳಗಿರುವ ಹೊನ್ನಬೆಳಕಿನ ಹೊತ್ತು, ಪೂರ್ತಿ ಒಂದು ಗಂಟೆ ಎಂದು ನಂಬಿ ಬರುವವರಿದ್ದಾರೆ. ಅಲ್ಲೆಲ್ಲ ಸೂರ್ಯ ಓರೆಯಾಗಿ ಜಾರಿಕೊಂಡು ಇಳಿಯುತ್ತಾನೆ. 13 ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮಲ್ಲಿ ಹೆಚ್ಚುಕಡಿಮೆ ಬಾವಿಗೆ ಕೊಡಪಾನ ಇಳಿದಂತೆ ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲಿರುವ ಸೂರ್ಯ ನೀರು ಮುಟ್ಟಲು ಬೇಕಾಗುವುದು 25 ನಿಮಿಷದ ಆಸುಪಾಸು. ಆ ಹೊತ್ತಿನಲ್ಲಿ ಟ್ರೈಪಾಡಿನ ಕಾಲು ಬಿಡಿಸುತ್ತ ಕುಳಿತರೆ ಕೆಟ್ಟಿತು.

ಮೋಡವೇ ಇಲ್ಲದ ಶುಭ್ರ ಆಕಾಶ ಒಳ್ಳೆಯದಲ್ಲವೇ?

ಬಟ್ಟೆ ಒಣಗಿಸಲು ಒಳ್ಳೆಯದು.

ಚಿತ್ರಕ್ಕೆ ಬೇಕಾದದ್ದು ಬೆಳಕನ್ನು ಹಿಡಿದು ತೋರಿಸುವ ಏನಾದರೊಂದು ಪರದೆ. ಎತ್ತರದಲ್ಲಿ ಹಿಂಜಿದ ಹತ್ತಿಯಂಥ ಎಳೆಮೋಡವೋ, ಕುರಿಮಂದೆಯಂತೆ ಚದುರಿದ ನಡುಮಟ್ಟದ ಮೋಡವೋ ಇದ್ದರೆ ಆಕಾಶಕ್ಕೆ ಮೈ ಬರುತ್ತದೆ. ಆಕಾಶದ ಅರ್ಧದಷ್ಟು ಮೋಡ, ಪಡುವಣದ ಅಂಚಿನಲ್ಲಿ ಮಾತ್ರ ತೆರವು: ಇದು ಸಿಕ್ಕಿದ ದಿನ ಊಟ ತಪ್ಪಿದರೂ ಪರವಾಗಿಲ್ಲ, ಹೋಗಿ.

ಸಂಜೆ ಬಣ್ಣ ಬರುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ?

ಖಚಿತವಾಗಿ ತಿಳಿಯಲು ಸಾಧ್ಯವಿಲ್ಲ. ಆದರೆ ಊಹೆಯನ್ನು ಕುರುಡು ಊಹೆಯಾಗಿ ಬಿಡಬೇಕಾಗಿಲ್ಲ.

ತೀರದಲ್ಲಿ ನಿಂತವನ ಕಣ್ಣಿಗೆ ಕಾಣುವ ಕಡಲಿನ ಅಂಚು ಐದು ಕಿಲೋಮೀಟರ್ ದೂರವೂ ಇಲ್ಲ. ಆದರೆ ತಲೆಯ ಮೇಲಿನ ಎಳೆಮೋಡಕ್ಕೆ ಅಡಿಯಿಂದ ಕೆಂಪು ತಾಗಬೇಕಾದರೆ ಬಿಸಿಲು ಸುಮಾರು 350 ಕಿಲೋಮೀಟರ್ ಆಚೆ ಕಡಲನ್ನು ಸವರಿಕೊಂಡು ಬರಬೇಕು. ಹೆಚ್ಚುಕಡಿಮೆ ಲಕ್ಷದ್ವೀಪದಷ್ಟು ದೂರ. ಅಲ್ಲೊಂದು ದಪ್ಪ ಮೋಡದ ಗೋಡೆ ನಿಂತಿದ್ದರೆ ನಮ್ಮ ತಲೆಯ ಮೇಲಿನ ಆಕಾಶ ಎಷ್ಟೇ ಚೆಂದವಿರಲಿ, ಬಣ್ಣ ಏರುವುದೇ ಇಲ್ಲ. ‘ಎಲ್ಲವೂ ಸರಿಯಿತ್ತು, ಕೊನೆಗೆ ಬೂದಿಯಾಯಿತು’ ಎಂದು ದೂರುವವರಿಗೆ ಕಾರಣ ಇದು.

ಆದ್ದರಿಂದ ನಾನು ಮಧ್ಯಾಹ್ನ ಮೂರು, ನಾಲ್ಕು ಗಂಟೆಗೆ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹದ ಚಿತ್ರ ತೆರೆದು, ಮಲ್ಪೆಯನ್ನಲ್ಲ, ಮಲ್ಪೆಯ ಪಶ್ಚಿಮಕ್ಕಿರುವ ಕಡಲನ್ನು ನೋಡುತ್ತೇನೆ. ಅಲ್ಲಿ ಕಪ್ಪು ಖಾಲಿ ಪಟ್ಟಿ ಇದ್ದರೆ ಹೊರಡುತ್ತೇನೆ. ಅರ್ಧ ಗಂಟೆಯ ಅಂತರದ ಎರಡು ಚಿತ್ರಗಳನ್ನು ಹೋಲಿಸಿದರೆ ಮೋಡ ಯಾವ ಕಡೆಗೆ ಸರಿಯುತ್ತಿದೆ ಎಂಬುದೂ ತಿಳಿಯುತ್ತದೆ. ಮೊಬೈಲಿನ ಹವಾಮಾನ ಆ್ಯಪುಗಳು ತೋರಿಸುವ ‘ಮಳೆ 80 ಶೇಕಡಾ’ ಎಂಬ ಅಂಕಿಯನ್ನು ನಾನು ಚಿತ್ರದ ವಿಷಯದಲ್ಲಿ ನಂಬುವುದಿಲ್ಲ. ಅದು ಕೊಡೆ ಒಯ್ಯಬೇಕೇ ಎಂದು ಹೇಳುತ್ತದೆ, ಬೆಳಕು ಹೇಗಿರುತ್ತದೆ ಎಂದಲ್ಲ. ಒಂದು ಸಲ ಅಂಥ ಅಂಕಿ ನೋಡಿ ಮನೆಯಲ್ಲೇ ಕುಳಿತೆ. ಮಳೆ ಬಂದದ್ದು ನಿಜ, ಐದು ಗಂಟೆಗೆ, ಹದಿನೈದು ನಿಮಿಷ. ಆರೂವರೆಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಕೂಡ ಕೇಸರಿ ಬಣ್ಣಕ್ಕೆ ತಿರುಗಿತು. ಕಿಟಕಿಯಿಂದ ಕಂಡದ್ದು ಪಕ್ಕದ ಮನೆಯ ನೀರಿನ ಟ್ಯಾಂಕ್ ಮಾತ್ರ.

ಗಾಳಿಯಲ್ಲಿ ಧೂಳು, ಹೊಗೆ ಇದ್ದರೆ ಸೂರ್ಯಾಸ್ತ ಹೆಚ್ಚು ಕೆಂಪಾಗುತ್ತದೆ ಎನ್ನುತ್ತಾರಲ್ಲ?

ಅರ್ಧ ಸತ್ಯ. ಸೂರ್ಯ ಕೆಳಗಿಳಿದಾಗ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರಬೇಕಾಗುತ್ತದೆ. ದಾರಿಯಲ್ಲಿ ಗಾಳಿಯ ಅಣುಗಳು ನೀಲಿಯನ್ನು ಚದುರಿಸಿಬಿಡುತ್ತವೆ, ಉಳಿದ ಕೆಂಪು ನಮಗೆ ತಲುಪುತ್ತದೆ. ಇದಕ್ಕೆ ಧೂಳಿನ ಅಗತ್ಯವೇ ಇಲ್ಲ. ಧೂಳು, ಹೊಗೆ, ತೇವದ ಕಣಗಳು ದಪ್ಪವಾದಷ್ಟೂ ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸಿ ಆಕಾಶವನ್ನು ಮಜ್ಜಿಗೆನೀರು ಮಾಡುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಪಣಂಬೂರಿನಲ್ಲಿ ನಿಂತು ನೋಡಿ: ಸೂರ್ಯ ಕಿತ್ತಳೆ ಬಿಲ್ಲೆಯಂತೆ ಕಾಣುತ್ತಾನೆ, ನೀರು ಮುಟ್ಟುವ ಮೊದಲೇ ಮಬ್ಬಿನಲ್ಲಿ ಕರಗಿಹೋಗುತ್ತಾನೆ, ಸುತ್ತಲಿನ ಆಕಾಶಕ್ಕೆ ಬಣ್ಣವೇ ಹತ್ತುವುದಿಲ್ಲ. ಬಿಂಬವೊಂದೇ ಸಾಕು ಎನ್ನುವವರಿಗೆ ಆ ತಿಂಗಳುಗಳು ಒಳ್ಳೆಯವು. ಉದ್ದದ ಲೆನ್ಸಿನಲ್ಲಿ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವವರನ್ನು ಆ ಬಿಲ್ಲೆಯ ಮುಂದೆ ನಿಲ್ಲಿಸಬಹುದು.

ಯಾವ ತಿಂಗಳು ಒಳ್ಳೆಯದು?

ಪ್ರವಾಸೋದ್ಯಮದ ಕರಪತ್ರ ಕೇಳಿದರೆ ಅಕ್ಟೋಬರ್‌ನಿಂದ ಫೆಬ್ರವರಿ ಎನ್ನುತ್ತದೆ. ನನ್ನ ಲೆಕ್ಕ ಬೇರೆ. ಅದನ್ನು ಹಿರಿಯರ ಮಳೆನಕ್ಷತ್ರಗಳ ಪ್ರಕಾರವೇ ಹೇಳುತ್ತೇನೆ, ಏಕೆಂದರೆ ಇಂಗ್ಲಿಷ್ ತಿಂಗಳಿಗಿಂತ ಅವು ಆಕಾಶಕ್ಕೆ ಹತ್ತಿರ.

ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ನಾನು ಆಗ ಗೆಜ್ಜೆ ಕಟ್ಟುತ್ತೇನೆ. ಅದಕ್ಕೆ ಮೊದಲಿನ ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಬರುವುದು ಕಡಲಿನಿಂದಲ್ಲ, ಘಟ್ಟದಿಂದ. ಮಧ್ಯಾಹ್ನದ ಹೊತ್ತಿಗೆ ಕುದುರೆಮುಖದ ಸಾಲಿನ ಮೇಲೆ ಹೂಕೋಸಿನಂಥ ಮೋಡ ಅರಳಲು ಶುರುವಾಗುತ್ತದೆ. ನಾಲ್ಕು ಗಂಟೆಗೆ ಅದರ ನೆತ್ತಿ ಚಪ್ಪಟೆಯಾಗಿ ಪಡುವಣಕ್ಕೆ ಚಾಚಿಕೊಳ್ಳುತ್ತದೆ. ಆಗ ಸೂರ್ಯ ಇನ್ನೂ ಕಡಲಿನ ಮೇಲಿರುತ್ತಾನೆ. ಎದುರಿಗೆ ಇದ್ದಿಲು ಬಣ್ಣದ ಆಕಾಶ, ಅದರ ಮುಂದೆ ಬಿಸಿಲಿಗೆ ಹೊಳೆಯುವ ಕಾರ್ಕಳದ ಬಂಡೆಗಲ್ಲು. 1432ರಲ್ಲಿ ನಿಂತ ಗೊಮ್ಮಟನ ಹಿಂದೆ ಆ ಮೋಡ ಬಂದಾಗ ಸಿಗುವ ಚಿತ್ರ ಡಿಸೆಂಬರ್‌ನ ನೀಲಿ ಆಕಾಶದಲ್ಲಿ ಸಿಗುವುದಿಲ್ಲ.

ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಸುಮಾರಿಗೆ ಆರಿದ್ರಾ, ಜುಲೈಯಲ್ಲಿ ಪುನರ್ವಸು, ಪುಷ್ಯ. ಇವು ಕಡಲು ಅಬ್ಬರಿಸುವ ದಿನಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮಲ್ಪೆ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಬೂದು ಆಕಾಶದಡಿ ಅವುಗಳ ನೀಲಿ, ಕೆಂಪು, ಹಳದಿ ಬಣ್ಣಗಳಷ್ಟು ಗಟ್ಟಿಯಾದ ಬಣ್ಣ ಬೇರೆಲ್ಲೂ ಕಾಣುವುದಿಲ್ಲ. ಆಗಸ್ಟ್‌ನ ಆಶ್ಲೇಷ, ಮಖಾ ಮಳೆಗಳಿಗೆ ಬಿಡುವು ಹೆಚ್ಚು. ಮಳೆ ಹೊಡೆದು ನಿಂತು, ಬಿಸಿಲು ಬಂದು, ಮತ್ತೆ ಹೊಡೆಯುತ್ತದೆ. ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಬೆಳಕು ಇದೇ. ಸೆಪ್ಟೆಂಬರ್ ಕೊನೆಯ ಹಸ್ತ, ಅಕ್ಟೋಬರ್‌ನ ಚಿತ್ತೆ, ಸ್ವಾತಿಯ ಹೊತ್ತಿಗೆ ಮತ್ತೆ ಘಟ್ಟದ ಗುಡುಗು ಶುರುವಾಗುತ್ತದೆ. ನಾಲ್ಕು ತಿಂಗಳ ಮಳೆ ತೊಳೆದ ಗಾಳಿ ಕನ್ನಡಿಯಂತಿರುತ್ತದೆ.

ಡಿಸೆಂಬರ್, ಜನವರಿಯನ್ನು ನಾನು ಮದುವೆಗಳಿಗೂ ಕಂಬಳಕ್ಕೂ ಬಿಟ್ಟುಕೊಟ್ಟಿದ್ದೇನೆ. ಕಂಬಳದ ಕೆಸರುನೀರು ಎದುರುಬಿಸಿಲಿಗೆ ಚಿಮ್ಮುವಾಗ ಮೋಡ ಇಲ್ಲದಿದ್ದರೇ ಒಳ್ಳೆಯದು.

‘ಬೆನ್ನ ಹಿಂದೆ ನೋಡಿ’ ಎಂದು ಯಾವಾಗಲೂ ಹೇಳುತ್ತೀರಿ. ಏನದು?

ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ಪಡುಕೆರೆಯಲ್ಲಿ ಒಂದು ಆಗಸ್ಟ್ ಸಂಜೆ. ಮಳೆ ಹೊಡೆತಕ್ಕೆ ತೆಂಗಿನ ಮಡಲಿನ ಮಾಡಿನ ಕೆಳಗೆ ನಿಂತಿದ್ದೆ. ಪಕ್ಕದಲ್ಲಿ ಹಿರಿಯರೊಬ್ಬರು ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತ ಕುಳಿತಿದ್ದರು. ಮಳೆ ನಿಂತಿತು. ಪಡುವಣದ ಅಂಚಿನಲ್ಲಿ ಒಂದು ಗೇಣು ತೆರವು ಕಂಡಿತು. ನಾನು ಓಡಿಹೋಗಿ ಟ್ರೈಪಾಡು ಮರಳಿನಲ್ಲಿ ಹೂತು ಕಡಲಿಗೆ ಮುಖ ಮಾಡಿ ನಿಂತೆ. ಹತ್ತು ನಿಮಿಷ ಕಳೆಯಿತು. ಬರೀ ಬಿಳಿ ಬೆಳಕು, ಕಣ್ಣು ಕುಕ್ಕುವ ನೀರು. ಹಿಂದಿನಿಂದ ಅವರು ಕೂಗಿದರು: ‘ಎಂತ ಕಾಯುವುದು ಮಾರಾಯರೇ, ಅಲ್ಲಿ ಎಂತದೂ ಇಲ್ಲ. ಹಿಂದೆ ನೋಡಿ.’

ತಿರುಗಿದೆ. ಹೊಳೆಯ ಆಚೆ ದಡದ ತೆಂಗಿನ ತೋಟದ ಮೇಲೆ ಆಗಷ್ಟೇ ನಮ್ಮನ್ನು ದಾಟಿಹೋದ ಮಳೆಮೋಡ ಗೋಡೆಯಂತೆ ನಿಂತಿತ್ತು, ಕಾವಲಿಯ ತಳದಷ್ಟು ಕಪ್ಪು. ಅದರ ಮುಂದೆ ಪ್ರತಿ ಗರಿಯೂ ಹಿತ್ತಾಳೆ. ಹೊಳೆಯಲ್ಲಿ ಒಂದು ದೋಣಿ, ಅದರಲ್ಲಿ ನೀರು ಎತ್ತಿ ಹೊರಚೆಲ್ಲುತ್ತಿದ್ದ ಹುಡುಗನ ಕೈಯ ಪ್ಲಾಸ್ಟಿಕ್ ಡಬ್ಬಿ ಕೂಡ ಹೊಳೆಯುತ್ತಿತ್ತು. ಟ್ರೈಪಾಡು ಮರಳಿನಿಂದ ಕೀಳುವಷ್ಟರಲ್ಲಿ ಬೆಳಕು ಅರ್ಧ ಹೋಯಿತು. ಎರಡು ಚಿತ್ರ ಸಿಕ್ಕವು, ಒಂದು ಅಲುಗಿದೆ.

ಕಾರಣ ಸರಳ. ಮುಂಗಾರಿನಲ್ಲಿ ಮಳೆಮೋಡಗಳು ಕಡಲಿನಿಂದ ಘಟ್ಟದ ಕಡೆಗೆ ಸಾಗುತ್ತವೆ. ಆದ್ದರಿಂದ ಮೊದಲು ತೆರವಾಗುವುದು ಪಡುವಣ, ಕೊನೆಗೆ ಕಪ್ಪಾಗಿ ಉಳಿಯುವುದು ಮೂಡಣ. ಸಂಜೆಯ ಸೂರ್ಯ ಆ ತೆರವಿನಿಂದ ಇಣುಕಿದರೆ ಬಿಸಿಲು ಬೀಳುವುದು ನಮ್ಮ ಬೆನ್ನ ಹಿಂದಿನ ನೆಲದ ಮೇಲೆ. ಕಡಲಿನ ಕಡೆ ನೋಡಿದರೆ ಬೆಳಕಿನ ಮೂಲ ಕಾಣುತ್ತದೆ, ಘಟ್ಟದ ಕಡೆ ತಿರುಗಿದರೆ ಬೆಳಕು ಮಾಡಿದ ಕೆಲಸ ಕಾಣುತ್ತದೆ.

ಕಾಮನಬಿಲ್ಲು ಎಲ್ಲಿ ಕಾಯಬೇಕು?

ಅದೂ ಬೆನ್ನ ಹಿಂದೆಯೇ. ಬಿಲ್ಲು ಮೂಡುವುದು ಸೂರ್ಯನಿಗೆ ನೇರ ಎದುರಿನ ಬಿಂದುವಿನ ಸುತ್ತ 42 ಡಿಗ್ರಿ ಅಳತೆಯಲ್ಲಿ. ಸೂರ್ಯನೇ 42 ಡಿಗ್ರಿಗಿಂತ ಮೇಲಿದ್ದರೆ ನೆಲದಲ್ಲಿ ನಿಂತವರಿಗೆ ಕಾಣುವುದಿಲ್ಲ. ಹೀಗಾಗಿ ಬೆಳಿಗ್ಗೆ 9ರ ಮೊದಲು ಕಡಲಿನ ಮೇಲೆ, ಸಂಜೆ 4ರ ನಂತರ ಘಟ್ಟದ ಕಡೆ ಹುಡುಕಿ. ಸೂರ್ಯ ಕೆಳಗಿದ್ದಷ್ಟೂ ಬಿಲ್ಲು ದೊಡ್ಡದು. ಪೋಲರೈಸರ್ (ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ, ತಿರುಗಿಸಬಹುದಾದ ಗಾಜು) ಹಾಕಿದ್ದರೆ ನಿಧಾನವಾಗಿ ತಿರುಗಿಸಿ. ಒಂದು ತಿರುವಿನಲ್ಲಿ ಬಿಲ್ಲು ಗಾಢವಾಗುತ್ತದೆ, ಇನ್ನೊಂದರಲ್ಲಿ ಮಾಯವೇ ಆಗುತ್ತದೆ.

ಮಳೆಗಾಲದಲ್ಲಿ ದಿನಗಟ್ಟಲೆ ಆಕಾಶ ಬಿಳಿ ಹಾಳೆಯಂತಿರುತ್ತದೆ. ಆಗ ಏನು ಮಾಡುವುದು?

ಆಕಾಶವನ್ನು ಚಿತ್ರದಿಂದ ಹೊರಗಿಡಿ. ಬಿಳಿ ಆಕಾಶ ನೋಡಲು ಏನೂ ಇಲ್ಲದಿದ್ದರೂ, ಬೆಳಕಾಗಿ ಅದರಷ್ಟು ಮೃದುವಾದದ್ದು ಇಲ್ಲ. ನೆರಳಿಲ್ಲ, ಕಣ್ಣು ಕುಕ್ಕುವ ಹೊಳಪಿಲ್ಲ. ಮಳೆಗಾಲದ ಏಣೆಲು ಬೆಳೆಗೆ ನೇಜಿ (ಭತ್ತದ ಸಸಿ) ನೆಡುವ ಗದ್ದೆ, ಪಾಚಿ ಹಿಡಿದ ಮುರಕಲ್ಲಿನ ಪಾಗಾರ (ಜಂಬಿಟ್ಟಿಗೆಯ ಕಾಂಪೌಂಡು ಗೋಡೆ), ಜಲಪಾತ, ಕಾಡು ಇವೆಲ್ಲ ಬಿಸಿಲಿನಲ್ಲಿ ಚೂರುಚೂರಾಗಿ ಕಾಣುತ್ತವೆ, ಮೋಡದಡಿ ಒಂದಾಗಿ ಕಾಣುತ್ತವೆ. ಒದ್ದೆ ಎಲೆಯ ಮೇಲಿನ ಬಿಳಿ ಮಿನುಗನ್ನು ಪೋಲರೈಸರಿನಿಂದ ಒರೆಸಿದರೆ ಹಸಿರು ಒಳಗಿನಿಂದ ಎದ್ದು ಬರುತ್ತದೆ. ಸೋನೆಮಳೆಯಲ್ಲೂ ನಾನು ಅದನ್ನು ತೆಗೆಯುವುದಿಲ್ಲ.

ವೈಟ್ ಬ್ಯಾಲೆನ್ಸನ್ನು (ಚಿತ್ರದ ಬಣ್ಣ ಬೆಚ್ಚಗೋ ತಣ್ಣಗೋ ಎಂದು ನಿರ್ಧರಿಸುವ ಹೊಂದಾಣಿಕೆ) ಮಾತ್ರ ಕ್ಯಾಮೆರಾದ ವಿವೇಚನೆಗೆ ಬಿಡಬೇಡಿ. ಆಟಿ ತಿಂಗಳ (ಜುಲೈ–ಆಗಸ್ಟ್) ಬೆಳಕು ತಣ್ಣನೆಯ ನೀಲಿ. ‘ಮೋಡ’ದ ಗುರುತಿಗೆ ಇಟ್ಟರೆ ಚಿತ್ರ ಬೆಚ್ಚಗಾಗುತ್ತದೆ. ಆದರೆ ಆ ತಣ್ಣನೆಯೇ ಬೇಕು ಎನಿಸಿದರೆ ಹಗಲಿನ ಗುರುತೇ ಸಾಕು. ನನಗೆ ಹೆಚ್ಚು ಸಲ ಅದೇ ಬೇಕೆನಿಸುತ್ತದೆ.

ಸುರಿಯುವ ಮಳೆ ಚಿತ್ರದಲ್ಲಿ ಕಾಣುವುದೇ ಇಲ್ಲವಲ್ಲ?

ಹಿನ್ನೆಲೆ ಕಪ್ಪಗಿರಬೇಕು, ಬೆಳಕು ಎದುರಿನಿಂದ ಅಥವಾ ಪಕ್ಕದಿಂದ ಬರಬೇಕು. ಬಿಳಿ ಆಕಾಶದ ಎದುರು ಮಳೆ ಹಿಡಿಯಲು ಹೋಗುವುದು ಅನ್ನದಲ್ಲಿ ಉಪ್ಪು ಹುಡುಕಿದಂತೆ. ಮಾವಿನ ಮರದ ಕತ್ತಲು, ತೆರೆದ ಬಾಗಿಲಿನ ಒಳಗತ್ತಲೆ, ಕರಿಹಂಚಿನ ಮಾಡು ಹಿಂದೆ ಇರಲಿ. ಶಟರ್ ಒಂದು ಸೆಕೆಂಡಿನ ಮೂವತ್ತನೇ ಭಾಗದಿಂದ ಅರುವತ್ತನೇ ಭಾಗದವರೆಗೆ ಇಟ್ಟರೆ ಹನಿ ಗೆರೆಯಾಗುತ್ತದೆ. ಐನೂರನೇ ಭಾಗಕ್ಕೆ ಏರಿಸಿದರೆ ಗೆರೆ ಒಡೆದು ಚುಕ್ಕಿಯಾಗುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಸೂರ್ಯೋದಯ ತೆಗೆಯಲು ಏನಿದೆ?

ಬಹಳಷ್ಟಿದೆ, ಎದ್ದು ಬಂದರೆ. ಘಟ್ಟ ಎದುರಿಗಿರುವುದರಿಂದ ಪಂಚಾಂಗದ ಹೊತ್ತಿಗಿಂತ ಕೆಲವು ನಿಮಿಷ ತಡವಾಗಿ ಸೂರ್ಯ ಕಾಣುತ್ತಾನೆ. ಕಾರ್ಕಳ, ಬೆಳ್ತಂಗಡಿಯಂತೆ ಬೆಟ್ಟದ ಬುಡಕ್ಕೆ ಹತ್ತಿರವಾದಷ್ಟೂ ಇನ್ನೂ ತಡ. ಚಳಿಗಾಲದ ಬೆಳಗಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಹತ್ತು, ಹನ್ನೊಂದು ಗಂಟೆಯ ಮೇಲೆ ನೆಲ ಕಾದು ಕಡಲಗಾಳಿ ಏಳುತ್ತದೆ. ಆದ್ದರಿಂದ ನೀರಿನಲ್ಲಿ ಪ್ರತಿಬಿಂಬ ಬೇಕಾದವರು ಬೆಳಿಗ್ಗೆಯೇ ಹೋಗಬೇಕು. ವರಂಗದ ಕೆರೆ ಬಸದಿ ಏಳು ಗಂಟೆಗೆ ನೀರಿನಲ್ಲಿ ಪೂರ್ತಿ ತಲೆಕೆಳಗಾಗಿ ನಿಂತಿರುತ್ತದೆ, ಮಧ್ಯಾಹ್ನ ಅಲೆಗೆ ಸಿಕ್ಕಿ ಪುಡಿಯಾಗುತ್ತದೆ. ಕೋಡಿ ಬೆಂಗ್ರೆಯಲ್ಲಿ, ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವಲ್ಲಿ, ಸೂರ್ಯ ನದಿಯ ಮೇಲೆ ಹುಟ್ಟಿ ಕಡಲಿನಲ್ಲಿ ಮುಳುಗುತ್ತಾನೆ. ಒಂದೇ ಮರಳುದಿಬ್ಬದಲ್ಲಿ ಎರಡನ್ನೂ ನೋಡಬಹುದು. ಮರವಂತೆಯಲ್ಲೂ ಹಾಗೆಯೇ, ಹೆದ್ದಾರಿಯ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು. ಅಲ್ಲಿ ಆಕಾಶಕ್ಕಿಂತ ಲಾರಿಗಳ ಮೇಲೆ ಹೆಚ್ಚು ಕಣ್ಣಿಡಿ.

ಮಂಜು ಎಲ್ಲಿ ಸಿಗುತ್ತದೆ?

ಎರಡು ಬಗೆಯದ್ದಿದೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಕಾಣುವುದು ನಿಜದಲ್ಲಿ ಬೆಟ್ಟಕ್ಕೆ ತಾಗಿದ ಮೋಡ. ನಾವೇ ಅದರ ಒಳಗಿರುತ್ತೇವೆ. ಹಗಲಿಡೀ ಇರುತ್ತದೆ, ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಚಳಿಗಾಲದ್ದು ಬೇರೆ: ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತಣ್ಣಗಾಗಿ ಗದ್ದೆ, ಹೊಳೆಗಳ ಮೇಲೆ ಹಾಲಿನ ಕೆನೆಯಂತೆ ಕಟ್ಟುವುದು. ಬಿಸಿಲೇರಿದರೆ ಹರಿದುಹೋಗುತ್ತದೆ. ಮಣಿಪಾಲದ ಎಂಡ್ ಪಾಯಿಂಟಿನಿಂದ ಸ್ವರ್ಣೆಯ ಕಣಿವೆಯನ್ನು ಜನವರಿಯ ಬೆಳಿಗ್ಗೆ ನೋಡಿ.

ಮಂಜಿನಲ್ಲಿ ಕ್ಯಾಮೆರಾ ಮೋಸಹೋಗುತ್ತದೆ. ಅಷ್ಟು ಬಿಳಿ ಕಂಡು ಹೆದರಿ ಚಿತ್ರವನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಶರನ್ನು ಮುಕ್ಕಾಲು, ಒಂದು ಸ್ಟಾಪ್ ಮೇಲೇರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಹತ್ತಿರದಲ್ಲಿ ಕಪ್ಪಗಿನ ಒಂದು ಮರವೋ ವಿದ್ಯುತ್ ಕಂಬವೋ ಇಲ್ಲದಿದ್ದರೆ ಮಂಜಿನ ಆಳ ತಿಳಿಯುವುದಿಲ್ಲ.

ಆಗುಂಬೆಯಿಂದ ಕಡಲಿನಲ್ಲಿ ಮುಳುಗುವ ಸೂರ್ಯ ಕಾಣುತ್ತಾನೆಯೇ?

ಗಾಳಿ ತಿಳಿಯಾಗಿದ್ದರೆ ಕಾಣುತ್ತಾನೆ. ಕಡಲು ಅಲ್ಲಿಂದ 40 ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಕರಾವಳಿಯ ತೇವದ ಮಬ್ಬು. ಮಳೆ ಬಂದು ಹೋದ ಮರುದಿನ, ಅಕ್ಟೋಬರ್, ನವೆಂಬರ್‌ನಲ್ಲಿ ಪ್ರಯತ್ನಿಸಿ. ಮುಂಗಾರಿನಲ್ಲಿ ಹೋದರೆ ಸೂರ್ಯನಲ್ಲ, ಮುಂದಿನ ತಿರುವೂ ಕಾಣುವುದಿಲ್ಲ.

ಸೇಂಟ್ ಮೇರಿಸ್ ದ್ವೀಪದಲ್ಲಿ ನಡುಮಧ್ಯಾಹ್ನದ ಬಿಸಿಲು. ಅಲ್ಲಿ ಒಳ್ಳೆಯ ಬೆಳಕು ಪಡೆಯುವುದು ಹೇಗೆ?

ಮಲ್ಪೆಯ ದೋಣಿ ಹಗಲಿನಲ್ಲಿ ಮಾತ್ರ, ರಾತ್ರಿ ಉಳಿಯಲು ಬಿಡುವುದಿಲ್ಲ, ಮಳೆಗಾಲದಲ್ಲಿ ದೋಣಿಯೇ ಇಲ್ಲ. ಅಂದರೆ ಹಗಲಿನ ಬೆಳಕಿನೊಂದಿಗೇ ಏಗಬೇಕು. ಹಾಗಿದ್ದರೆ ಒಳ್ಳೆಯ ಹಗಲನ್ನು ಆರಿಸಿಕೊಳ್ಳಿ. ಏಪ್ರಿಲ್ 25ರ ಸುಮಾರಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಆಗ ಆ ಕಲ್ಲಿನ ಕಂಬಗಳು ಚಪ್ಪಟೆಯಾಗಿ ಕಾಣುತ್ತವೆ. ಡಿಸೆಂಬರ್‌ನಲ್ಲಿ ನಡುಹಗಲಿನಲ್ಲೂ ಸೂರ್ಯ 55 ಡಿಗ್ರಿಗಿಂತ ಮೇಲೇರುವುದಿಲ್ಲ, ದಕ್ಷಿಣದಿಂದ ಓರೆಯಾಗಿ ಬೀಳುತ್ತಾನೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ ಬಿರಿದು ನಿಂತ ಆ ಕಂಬಗಳ ಅಂಚುಗಳು ಆ ಬೆಳಕಿಗೆ ಎದ್ದು ಕಾಣುತ್ತವೆ. ಮೊದಲ ದೋಣಿಗೇ ಹೋಗಿ, ಬಿಡಿಬಿಡಿ ಅರಳೆಮೋಡಗಳಿರುವ ದಿನ ಹೋಗಿ, ಮೋಡದ ನೆರಳು ಕಂಬಗಳ ಮೇಲೆ ಹಾದುಹೋಗುವ ತನಕ ಕಾಯಿರಿ. ಪೋಲರೈಸರ್ ಸೂರ್ಯನಿಗೆ ಲಂಬ ದಿಕ್ಕಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಅಗಲ ಲೆನ್ಸಿನಲ್ಲಿ ಹಾಕಿದರೆ ಆಕಾಶದ ಒಂದು ಭಾಗ ಮಾತ್ರ ಮಸಿ ಬಳಿದಂತಾಗುತ್ತದೆ, ಎಚ್ಚರ.

ಉಬ್ಬರ ಇಳಿತ ನೋಡಬೇಕೇ?

ನೋಡಬೇಕು. ಇಳಿತದಲ್ಲಿ ಒದ್ದೆ ಮರಳು ಅಗಲವಾಗಿ ತೆರೆದುಕೊಂಡು ಆಕಾಶದ ಬಣ್ಣವನ್ನು ಎರಡು ಪಾಲು ಮಾಡಿ ತೋರಿಸುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ನೀರಿನ ಏರಿಳಿತ ಹೆಚ್ಚು. ಸೋಮೇಶ್ವರದ ಬಂಡೆಗಳ ಬಳಿ, ಕಾಪುವಿನ ದೀಪಸ್ತಂಭದ ಬುಡದಲ್ಲಿ ಅಲೆ ಹಿಂದೆ ಸರಿಯುವ ಗೆರೆಗಳು ಬೇಕಾದರೆ ಶಟರ್ ಕಾಲು ಅಥವಾ ಅರ್ಧ ಸೆಕೆಂಡು. ಅರ್ಧ ನಿಮಿಷ ತೆರೆದಿಟ್ಟು ಕಡಲನ್ನು ಹೊಗೆ ಮಾಡುವ ಫ್ಯಾಷನ್ ನನಗೆ ಹಿಡಿಸುವುದಿಲ್ಲ. ನಮ್ಮ ಕಡಲು ಅಷ್ಟು ಸಾಧುವಲ್ಲ.

ರೆಡ್ ಅಲರ್ಟ್ ದಿನ ಒಳ್ಳೆಯ ಚಿತ್ರ ಸಿಗುತ್ತದೆಯಂತೆ, ಹೋಗಬಹುದೇ?

ಬೇಡ. 24 ಗಂಟೆಯಲ್ಲಿ 204 ಮಿಲಿಮೀಟರಿಗೂ ಹೆಚ್ಚು ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರೀ ಮಳೆ ಎನ್ನುತ್ತದೆ. ಅಂಥ ಮಳೆಯಲ್ಲಿ ಬೆಳಕೂ ಇರುವುದಿಲ್ಲ, ಹತ್ತು ಮೀಟರ್ ಆಚೆಯದ್ದು ಕಾಣುವುದಿಲ್ಲ. ಚಿತ್ರ ಇರುವುದು ಅಲರ್ಟ್ ಇಳಿದ ಮರುದಿನ. ಮಳೆಗಾಲದಲ್ಲಿ ಕಡಲ ಬದಿಯ ಬಂಡೆ ಹತ್ತಬೇಡಿ. ಏಳು ಅಲೆ ಸುಮ್ಮನೆ ಬಂದು ಎಂಟನೆಯದು ಕಾಲು ಎಳೆಯುತ್ತದೆ. ಕಡಲ್ಕೊರೆತಕ್ಕೆ ಹಾಕಿದ ತಡೆಗಲ್ಲುಗಳ ಮೇಲೂ ನಿಲ್ಲಬೇಡಿ, ಕೆಳಗಿನ ಮರಳು ಜಾರಿರುತ್ತದೆ.

ಮಿಂಚಿಗೂ ಇದೇ ಮಾತು. ಮಿಂಚಿ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿಸಿದರೆ ಬಯಲು ಬಿಟ್ಟು ಕಟ್ಟಡದೊಳಗೆ ಹೋಗಿ. ದೂರದ ಮಿಂಚನ್ನು ರಾತ್ರಿ ಕಿಟಕಿಯಿಂದಲೇ ಹಿಡಿಯಬಹುದು: ಲೆನ್ಸಿನ ಕಿಂಡಿ ಎಫ್ 8, ಬೆಳಕಿನ ಸಂವೇದನೆ ಐಎಸ್‌ಒ 100 ಅಥವಾ 200, ಶಟರ್ 20 ಸೆಕೆಂಡು, ಒಂದರ ಹಿಂದೊಂದು ತೆಗೆಯುತ್ತಿರಿ.

ಕಡಲಿನ ಮೇಲೆ ಕ್ಷೀರಪಥ ಸಿಗುತ್ತದೆಯೇ?

ಮಾರ್ಚ್‌ನಲ್ಲಿ ನಸುಕಿನ ಐದಕ್ಕೆ ಅದರ ಹೊಳೆಯುವ ನಡುಭಾಗ ಆಗ್ನೇಯದಲ್ಲಿರುತ್ತದೆ, ಅಂದರೆ ಊರಿನ ದೀಪಗಳ ಮೇಲೆ. ಕಡಲಿನ ಮೇಲೆ ಬೇಕಾದರೆ ಅಕ್ಟೋಬರ್‌ನ ಅಮಾವಾಸ್ಯೆಯ ಆಸುಪಾಸು, ರಾತ್ರಿ ಎಂಟಕ್ಕೆ, ನೈಋತ್ಯಕ್ಕೆ ನೋಡಿ. ಮಳೆ ತೊಳೆದ ಗಾಳಿಯೂ ಆಗ ಜೊತೆಗಿರುತ್ತದೆ. ಮಂಗಳೂರಿನಿಂದ ಆಸೆ ಬಿಡಿ, ಕುಂದಾಪುರದಿಂದ ಉತ್ತರಕ್ಕೆ ಹೋಗಿ.

ಉಪ್ಪುಗಾಳಿ, ತೇವದಿಂದ ಕ್ಯಾಮೆರಾ ಉಳಿಸುವುದು ಹೇಗೆ?

ನನ್ನ ಮೊದಲ ಒಳ್ಳೆಯ ಲೆನ್ಸನ್ನು ಜೂನ್‌ನಲ್ಲಿ ಚರ್ಮದ ಚೀಲದೊಳಗಿಟ್ಟು ಕಪಾಟಿನಲ್ಲಿ ಇಟ್ಟೆ. ಚೌತಿಗೆ ತೆಗೆದು ಟಾರ್ಚ್ ಬೆಳಕಿಗೆ ಹಿಡಿದರೆ ಒಳಗಾಜಿನ ಮೇಲೆ ಜೇಡನ ಮರಿ ನೇಯ್ದಂಥ ಸಣ್ಣ ಬಿಳಿ ಬೇರುಗಳು, ಬೂಷ್ಟು. ಅಟ್ಟದ ಹಪ್ಪಳದ ಡಬ್ಬಿಗೆ ಮುಚ್ಚಳ ಬಿಗಿದಿದ್ದ ಮನೆಯಲ್ಲಿ ಲೆನ್ಸಿಗೆ ಆ ಭಾಗ್ಯ ಇರಲಿಲ್ಲ.

ಈಗ ಅದೇ ಉಪಾಯ: ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ತೇವ 40ರಿಂದ 50 ಶೇಕಡಾ ಇರಲಿ. ಜೆಲ್ ಬಣ್ಣ ಬದಲಿಸಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು, ಅಡುಗೆಗೆ ಬಳಸದ ಬಾಣಲೆ. ಅಕ್ಕಿಯಲ್ಲಿ ಹೂತಿಡಬೇಡಿ, ಹುಡಿ ಒಳಹೋಗುತ್ತದೆ. ಎ.ಸಿ. ಕಾರಿನಿಂದ ಇಳಿದ ತಕ್ಷಣ ಕ್ಯಾಮೆರಾ ಹೊರತೆಗೆಯಬೇಡಿ, ತಣ್ಣಗಿನ ಗಾಜಿನ ಮೇಲೆ ಹಬೆ ಕಟ್ಟುತ್ತದೆ. ಚೀಲದೊಳಗೇ ಹದಿನೈದು, ಇಪ್ಪತ್ತು ನಿಮಿಷ ಬಿಡಿ. ಕಡಲಿನಿಂದ ಬಂದ ದಿನ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಟ್ರೈಪಾಡಿನ ಕಾಲುಗಳನ್ನು ಬಿಚ್ಚಿ ತೊಳೆಯಿರಿ.

ಮೊಬೈಲ್ ಸಾಕಾಗುವುದಿಲ್ಲವೇ?

ಸಾಕು. ಆಕಾಶದ ಹೊಳೆಯುವ ಭಾಗದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಅಲ್ಲಿಗೇ ಕಟ್ಟಿಹಾಕಿ, ಸ್ವಲ್ಪ ಕೆಳಗೆ ಎಳೆಯಿರಿ. ಮಳೆಹನಿ ಒರೆಸಲು ಅಂಗಿಯ ಒಣ ಮೂಲೆಯೊಂದನ್ನು ಉಳಿಸಿಕೊಳ್ಳಿ.

ಆಕಾಶವನ್ನೇ ಬದಲಿಸುವ ತಂತ್ರಾಂಶ ಇದೆಯಲ್ಲ, ಇಷ್ಟೆಲ್ಲ ಯಾಕೆ ಕಾಯಬೇಕು?

ಬೇಕಾದವರು ಬದಲಿಸಲಿ, ಅದು ಅವರ ಚಿತ್ರ. ಆದರೆ ನೆಲ ಸುಳ್ಳು ಹೇಳುವುದಿಲ್ಲ. ಇತ್ತೀಚೆಗೆ ಒಬ್ಬರು ಕಾಪು ದೀಪಸ್ತಂಭದ ಚಿತ್ರ ತೋರಿಸಿದರು. 1901ರ ಆ ಸ್ತಂಭದ ಹಿಂದೆ ಕಡಲಿನ ಮೇಲೆ ಕುಂಕುಮದಂಥ ಸೂರ್ಯಾಸ್ತ. ಆದರೆ ಸ್ತಂಭದ ನಮ್ಮ ಕಡೆಯ ಮೈಗೆ ನಿಚ್ಚಳ ಬಿಸಿಲು, ನೆರಳು ಕಡಲಿನ ಕಡೆಗೆ ಚಾಚಿತ್ತು. ಕೆಂಪು ಆಕಾಶದಡಿ ಒದ್ದೆ ಮರಳು ಹಸಿರುನೀಲಿ. ಅದು ಬೆಳಿಗ್ಗೆ ಎಂಟೂವರೆಯ ಚಿತ್ರ ಎಂದೆ. ಅವರು ಮೊಬೈಲ್ ತೆಗೆದು ಮೂಲ ಚಿತ್ರ ಹುಡುಕಿದರು. ಎಂಟು ಗಂಟೆ ನಲವತ್ತು ನಿಮಿಷ ಎಂದಿತ್ತು. ಆ ಮೂಲ ಚಿತ್ರದ ಆಕಾಶದಲ್ಲಿ, ಬಲಮೂಲೆಯಲ್ಲಿ, ಕಡಲಿನ ಮೇಲೆ ಕಾಮನಬಿಲ್ಲಿನ ಒಂದು ಕಾಲು ಮಸುಕಾಗಿ ಇಳಿದಿತ್ತು. ಅದನ್ನು ಅವರು ಅಳಿಸಿ ಕೆಂಪು ಅಂಟಿಸಿದ್ದರು.